ದಾಕ್ಷಿಣ್ಯ ಮತ್ತು ಮೋಟಾರು ಸೈಕಲ್ಲು

ಮೋಟಾರು ಸೈಕಲ್ಲಿನ ವಿಚಾರದಲ್ಲಿ ಅಭಿಪ್ರಾಯ ಹೇಳುವ ಯೋಗ್ಯತೆ ನನಗಿಲ್ಲ. ನಾನು ಓಡಿಸುವುದು ಒಂದು ಹಳೆಯ ಸ್ಕೂಟರು. ಅದೂ ಚಿಕ್ಕಮಗಳೂರಿನ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ. ಹೀಗಿದ್ದೂ, ಎರಡು ವರ್ಷದ ಹಿಂದೆ ಕಳಸದಿಂದ ಬಂದ ನನ್ನ ಸೋದರಳಿಯ, “ಮಾವ, ಒಂದು ಬೈಕ್ ತಗೊಳ್ಳುವ ಅಂತಿದೀನಿ. ಯಾವುದು ಒಳ್ಳೇದು ಅಂತ ನೀವೇ ಹೇಳಿ” ಎಂದಾಗ, ‘ನನಗೆ ತಿಳಿಯದು’ ಎಂದು ನಾನು ಹೇಳಲಿಲ್ಲ. ಎಂ.ಎ. ಮಾಡಿ ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ಮಾತನ್ನಾಡುವ ಅಭ್ಯಾಸ ತಪ್ಪಿಹೋಗಿರುತ್ತದೆ. “ಆಗಲಿ, ಓದಿ ನೋಡಿ ಹೇಳುತ್ತೇನೆ” ಎಂದೆ.

ಹುಡುಗ ಬಾಳೂರಿನ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ಮನೆಗೆ ಎರಡೆಕರೆ ಅಡಿಕೆ, ಅಷ್ಟಿಷ್ಟು ಕಾಫಿ. ಆ ವರ್ಷ ಮೆಣಸಿಗೆ ಕೊಂಚ ಬೆಲೆ ಬಂದು ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ಮಿಕ್ಕದ್ದಕ್ಕೆ ಸಾಲ. ಅವನ ಪಾಲಿಗೆ ಬೈಕು ಶೋಕಿಯ ವಸ್ತುವಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವ ಹೊತ್ತಿಗೆ ಅವನು ತೋಟದಲ್ಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಆದ್ದರಿಂದ ನಾನು ಆ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದೆ. ಬೆಂಗಳೂರಿಗೆ ಹೋದಾಗ ಮೋಟಾರು ಪತ್ರಿಕೆಗಳ ನಾಲ್ಕು ಸಂಚಿಕೆಗಳನ್ನು ಕೊಂಡು ತಂದು, ಪಂಪನನ್ನು ಓದುವಾಗ ಮಾಡುವಂತೆ ಪೆನ್ಸಿಲು ಹಿಡಿದು ಓದಿದೆ.

ಆ ಪತ್ರಿಕೆಗಳನ್ನು ನೋಡದವರಿಗಾಗಿ ಎರಡು ಮಾತು. ನುಣುಪಾದ ಕಾಗದ, ಬಣ್ಣದ ಚಿತ್ರಗಳು. ಚಿತ್ರದಲ್ಲಿ ಬೈಕು ಯಾವಾಗಲೂ ಒಂದು ತಿರುವಿನಲ್ಲಿ ನೆಲ ಮುಟ್ಟುವಂತೆ ಬಾಗಿರುತ್ತದೆ. ಹಿಂದೆ ಬೆಟ್ಟ, ಮೇಲೆ ತೊಳೆದಿಟ್ಟಂಥ ಆಕಾಶ. ಒಂದರಲ್ಲಿ ಬೆಟ್ಟ ನಮ್ಮ ಮುಳ್ಳಯ್ಯನಗಿರಿಯೇ ಆಗಿತ್ತು. ಊರ ಬೆಟ್ಟವನ್ನು ಅಷ್ಟು ನುಣುಪು ಕಾಗದದಲ್ಲಿ ಕಂಡು ನನಗೆ ಆ ಲೇಖನದ ಮೇಲೆ ವಿಶ್ವಾಸ ಇಮ್ಮಡಿಯಾಯಿತು. ಗುಡ್ಡದ ಹುಲ್ಲು ಹೊಂಬಣ್ಣಕ್ಕೆ ತಿರುಗಿತ್ತು, ರಸ್ತೆ ಒಣಗಿ ಬೆಳ್ಳಗಿತ್ತು. ಅಂದರೆ ಆ ವಿಮರ್ಶಕರು ಬಂದದ್ದು ಮಳೆ ಮುಗಿದು ತಿಂಗಳುಗಳು ಕಳೆದ ಮೇಲೆ. ಇದನ್ನು ನಾನು ಆಗ ಗಮನಿಸಲಿಲ್ಲ. ನಾಲ್ಕರಲ್ಲಿ ಮೂರು ಪತ್ರಿಕೆಗಳು ಒಂದು ಬೈಕನ್ನು ಹೊಗಳಿದ್ದವು. ಅದನ್ನೇ ಕೊಳ್ಳಲು ಹೇಳಿದೆ. ಕೊಂಡ. ಅದರ ಹೆಸರು ಇಲ್ಲಿ ಬೇಡ. ತಪ್ಪು ಅದರದಲ್ಲವೆಂಬುದು ಮುಂದೆ ತಿಳಿಯುತ್ತದೆ.

ಮುಂದಿನ ಜುಲೈ ತಿಂಗಳಿನಲ್ಲಿ, ಹಿರೇಬೈಲಿನ ಹತ್ತಿರದ ಒಂದು ಏರಿನಲ್ಲಿ ಅವನು ಬಿದ್ದ. ವೇಗವಾಗಿ ಹೋಗುತ್ತಿದ್ದನೆಂದು ಯಾರೂ ಹೇಳುವಂತಿಲ್ಲ, ಬೈಕು ನಿಂತಿತ್ತು. ಎದುರಿಗೆ ಬಸ್ಸು ಬಂತೆಂದು ಪಕ್ಕಕ್ಕೆ ಸರಿದು ನಿಲ್ಲಿಸಿದ, ಎಡಗಾಲನ್ನು ಕೆಳಗೆ ಚಾಚಿದ. ಕಾಲಿಗೆ ಸಿಗಬೇಕಾಗಿದ್ದ ನೆಲ ಒಂದು ಗೇಣು ಕೆಳಗಿತ್ತು, ಅದೂ ಕೆಸರು. ನಾಲ್ಕು ಮೂಟೆ ಕಾಫಿಯ ತೂಕದ ಬೈಕು ಅವನ ಮೇಲೆ ಒರಗಿತು. ಭುಜದ ಕೊರಳೆಲುಬು ಮುರಿಯಿತು.

ಆಸ್ಪತ್ರೆಯಿಂದ ಮನೆಗೆ ಬಂದವನೇ ನಾನು ಆ ಮೂರು ವಿಮರ್ಶೆಗಳನ್ನು ಮತ್ತೆ ತೆಗೆದು ಕುಳಿತೆ. ಸುಳ್ಳು ಹುಡುಕಬೇಕೆಂದು ಕುಳಿತವನಿಗೆ ಒಂದೂ ಸಿಗಲಿಲ್ಲ. ಕೊನೆಯ ಪುಟದ ಸಣ್ಣ ಅಕ್ಷರದ ಕೋಷ್ಟಕದಲ್ಲಿ ಆಸನದ ಎತ್ತರ ಮಿಲಿಮೀಟರುಗಳಲ್ಲಿ ಇತ್ತು, ತೂಕವೂ ಇತ್ತು. ನಮ್ಮ ಹುಡುಗನ ಎತ್ತರ ಐದಡಿ ಮೂರಂಗುಲ. ಮೂರನೆಯ ತರಗತಿಯ ಗಣಿತ ಬಲ್ಲವನು ಕಾಲು ನಿಲುಕದೆಂದು ಲೆಕ್ಕ ಹಾಕಬಹುದಾಗಿತ್ತು. ಆದರೆ ನಾನು ಕನ್ನಡ ಅಧ್ಯಾಪಕ. ಕೋಷ್ಟಕ ಬಿಟ್ಟು ಗದ್ಯವನ್ನು ಓದಿದ್ದೆ. ಗದ್ಯದಲ್ಲಿ ಅದೇ ಸಂಗತಿ ಬೇರೆ ವೇಷದಲ್ಲಿತ್ತು. ‘ಎತ್ತರದ ಆಸನದಿಂದ ಮುಂದಿನ ರಸ್ತೆಯ ನೋಟ ಭವ್ಯವಾಗಿದೆ’ ಎಂಬರ್ಥದ ಮಾತು ಒಂದರಲ್ಲಿ. ‘ಪಳಗಿದ ಸವಾರನಿಗೆ ಹೇಳಿ ಮಾಡಿಸಿದ್ದು’ ಎಂಬಂಥದು ಇನ್ನೊಂದರಲ್ಲಿ. ಮೂರನೆಯದು ಎಂಜಿನ್ನಿಗೆ ‘ತನ್ನದೇ ವ್ಯಕ್ತಿತ್ವ’ವಿದೆಯೆಂದಿತ್ತು. ಅದು ಮೈಯೆಲ್ಲ ಜುಮುಗುಟ್ಟುವಂತೆ ನಡುಗುತ್ತದೆ ಎನ್ನುವುದಕ್ಕೆ ಸಭ್ಯರ ಭಾಷೆ ಎಂದು ಈಗ ಗೊತ್ತಾಯಿತು.

ಇಲ್ಲಿಗೆ ಬಂದಾಗ ನನಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ಈ ಭಾಷೆ ನನಗೆ ಹೊಸದಾಗಿರಲಿಲ್ಲ. ನಾನೇ ಅದರ ನುರಿತ ಲೇಖಕ. ‘ಭರವಸೆಯ ಕವಿ’ ಎಂದರೆ ಇನ್ನೂ ಕವಿಯಾಗಿಲ್ಲ ಎಂದು ಅರ್ಥ. ‘ಓದುಗರಿಂದ ಸಹನೆಯನ್ನು ಬೇಡುವ ಕಾದಂಬರಿ’ ಎಂದರೆ ನಾನು ಪೂರ್ತಿ ಓದಲಿಲ್ಲವೆಂದು ಅರ್ಥ. ‘ಮುದ್ರಣ ಅಚ್ಚುಕಟ್ಟಾಗಿದೆ’ ಎಂಬುದಕ್ಕೆ ಏನರ್ಥವೋ ಗ್ರಂಥಕರ್ತರೆಲ್ಲರಿಗೂ ಗೊತ್ತು. ಬರೆಯುವಾಗ ಇಷ್ಟು ಚೆನ್ನಾಗಿ ಬಲ್ಲ ಭಾಷೆಯನ್ನು ಓದುವಾಗ ನಾನು ಗುರುತಿಸಲಿಲ್ಲವಲ್ಲ!

ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ತನ್ನ ಮೊದಲ ಪರಿಚ್ಛೇದವನ್ನೇ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲಿಟ್ಟಿದೆ. ಗುಣ, ಅಲಂಕಾರಗಳ ಮಾತೆಲ್ಲ ಆಮೇಲೆ. ಇದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹೇಳಿ ಹೊರಗೆ ಬಂದು, ಸಹೋದ್ಯೋಗಿಯೊಬ್ಬರ ಕವನ ಸಂಕಲನಕ್ಕೆ ಮೂರು ಪುಟದ ಮುನ್ನುಡಿ ಬರೆದುಕೊಟ್ಟೆ; ಅದರಲ್ಲಿ ದೋಷವೆಂಬ ಶಬ್ದವೇ ಇರಲಿಲ್ಲ. ಆ ಪುಸ್ತಕವನ್ನು ನನ್ನ ಮಾತು ನಂಬಿ ಕೊಂಡ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಬಂದು, “ಸಾರ್, ನೀವು ಹೇಳಿದ್ದು ಯಾವ ಪದ್ಯದಲ್ಲಿದೆ? ನನಗೆ ಸಿಗಲಿಲ್ಲ” ಎಂದು ಕೇಳಿದಳು. ವ್ಯಂಗ್ಯವಲ್ಲ, ತನಗೇ ತಿಳಿಯಲಿಲ್ಲವೆಂದು ನಂಬಿಕೊಂಡು ಕೇಳಿದಳು. ನಾನು ಆ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ.

ಮೋಟಾರು ಪತ್ರಿಕೆಗಳ ವಿಮರ್ಶೆ ಪಕ್ಷಪಾತದಿಂದ ಕೂಡಿದೆಯೇ ಎಂದು ಕೇಳಿದರೆ ಬಹಳ ಜನ, ‘ಕಂಪೆನಿಯವರು ದುಡ್ಡು ಕೊಟ್ಟಿರುತ್ತಾರೆ ಬಿಡಿ’ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮೋಟಾರು ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಕಳೆದ ಚಳಿಗಾಲದಲ್ಲಿ ಅವನು ಕೊಟ್ಟಿಗೆಹಾರದಲ್ಲಿ ಸಿಕ್ಕ. ಕಂಪೆನಿಯೊಂದು ಹೊಸ ಬೈಕಿನ ಪರಿಚಯಕ್ಕಾಗಿ ಹತ್ತಾರು ಮಂದಿ ಪತ್ರಕರ್ತರನ್ನು ಕರೆತಂದಿತ್ತು. ಅವನು ಗುಂಪಿನಿಂದ ತಪ್ಪಿಸಿಕೊಂಡು ನೀರುದೋಸೆ ತಿನ್ನಲು ಬಂದಿದ್ದ. ನಾನು ನೇರವಾಗಿ ಕೇಳಿದೆ. ಅವನೂ ನೇರವಾಗಿ ಹೇಳಿದ.

“ನನಗೆ ಇವತ್ತಿನವರೆಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ ಸಾರ್. ವಿಮಾನದ ಟಿಕೆಟು ಅವರದು, ರೆಸಾರ್ಟು ಅವರದು, ಊಟ ಅವರದು, ಬೈಕಿನ ಪೆಟ್ರೋಲೂ ಅವರದೇ. ಹೀಗೆ ಬರೆ ಅಂತ ಯಾರೂ ಹೇಳುವುದಿಲ್ಲ. ರಾತ್ರಿ ಬೆಂಕಿ ಹಾಕಿಕೊಂಡು ಕೂತಾಗ ಆ ಬೈಕಿನ ಎಂಜಿನಿಯರು ಪಕ್ಕದಲ್ಲಿ ಬಂದು ಕೂರುತ್ತಾನೆ. ನಾಲ್ಕು ವರ್ಷ ಇದಕ್ಕೇ ದುಡಿದೆ ಅಂತಾನೆ. ಮಗಳ ಫೋಟೋ ತೋರಿಸ್ತಾನೆ. ಮಾರನೇ ದಿನ ಬ್ರೇಕು ಸರಿಯಿಲ್ಲ ಅಂತ ಬರೀಬೇಕು. ಬರೀತೀನಿ ಸಾರ್. ಆದರೆ ಕೈ ಸ್ವಲ್ಪ ಮೆತ್ತಗಾಗುತ್ತದೆ.”

ಕೈ ಮೆತ್ತಗಾಗುವುದು. ಇದಕ್ಕೆ ನಮ್ಮ ಭಾಷೆಯಲ್ಲಿ ದಾಕ್ಷಿಣ್ಯವೆಂದು ಹೆಸರು. ಲಂಚ ತೆಗೆದುಕೊಂಡವನಿಗೆ ತಾನು ತೆಗೆದುಕೊಂಡೆನೆಂದು ಗೊತ್ತಿರುತ್ತದೆ. ದಾಕ್ಷಿಣ್ಯಕ್ಕೆ ಒಳಗಾದವನು ತಾನು ನಿಷ್ಪಕ್ಷಪಾತಿಯೆಂದೇ ತಿಳಿದು ನಿದ್ದೆಮಾಡುತ್ತಾನೆ. ಲಂಚವನ್ನು ಬಿಡಿಸಬಹುದು, ಅದು ದುರ್ಗುಣ. ದಾಕ್ಷಿಣ್ಯ ಸದ್ಗುಣಗಳ ಪಟ್ಟಿಯಲ್ಲಿ ಇರುವಂಥದು. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂದು ಅಜ್ಜಿ ಕಲಿಸಿದ್ದನ್ನೇ ಆ ಹುಡುಗ ಪಾಲಿಸಿದ. (ದಾಕ್ಷಿಣ್ಯದ ಬಗ್ಗೆ ಅದೇ ಅಜ್ಜಿಯರು ಹೇಳುವ ಇನ್ನೊಂದು ಗಾದೆಯಿದೆ, ಅದನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಓದುಗರಿಗೆ ಗೊತ್ತಿದ್ದೇ ಇದೆ.) ಅವನು ಉಂಡದ್ದು ಕಂಪೆನಿಯ ಮನೆಯಲ್ಲಿ, ಆದರೆ ಋಣ ಇರುವುದು ಓದುಗನಿಗೆ. ಆ ಓದುಗ ಬೆಂಕಿಯ ಸುತ್ತ ಕೂತಿರುವುದಿಲ್ಲ, ಮಗಳ ಫೋಟೋ ತೋರಿಸುವುದಿಲ್ಲ. ಎದುರಿಗಿಲ್ಲದವನಿಗೆ ದಾಕ್ಷಿಣ್ಯ ತೋರುವುದು ಹೇಗೆ? ಇದೇ ಇಲ್ಲಿಯ ಧರ್ಮಸಂಕಟವೆಂದು ನನಗೆ ತೋರುತ್ತದೆ.

ಅವನು ದೋಸೆ ಮುಗಿಸಿ ಕೈತೊಳೆದು ಬಂದು ಇನ್ನೊಂದು ಮಾತು ಹೇಳಿದ. “ಸಾರ್, ನೀವು ನಮಗೆ ಅಂಕ ಕೊಡುತ್ತಿದ್ದಿರಲ್ಲ. ಯೂನಿವರ್ಸಿಟಿ ಪೇಪರಿಗೆ ಕೊಟ್ಟ ಹಾಗೆ ಇಂಟರ್ನಲ್ಲಿಗೂ ಕೊಡುತ್ತಿದ್ದಿರಾ?” ಇಲ್ಲ. ವಿಶ್ವವಿದ್ಯಾಲಯದ ಉತ್ತರಪತ್ರಿಕೆ ಬರುವಾಗ ಹೆಸರು, ನೋಂದಣಿ ಸಂಖ್ಯೆ ಎಲ್ಲ ಮುಚ್ಚಿ ಒಂದು ಗುಪ್ತಸಂಖ್ಯೆ ಹಾಕಿರುತ್ತಾರೆ. ಅಲ್ಲಿ ನಾನು ಯಮಧರ್ಮರಾಯ. ಆಂತರಿಕ ಅಂಕಗಳನ್ನು ಮುಖ ನೋಡಿ ಕೊಡಬೇಕು. ಅಲ್ಲಿ ನನ್ನ ಕೈಯಲ್ಲಿ ಇಪ್ಪತ್ತಕ್ಕೆ ಹದಿನೆಂಟಕ್ಕಿಂತ ಕಡಿಮೆ ಪಡೆದವರು ವಿರಳ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇಲ್ಲಿ ಕಾಫಿಯ ನೆನಪಾಗದೆ ಇರದು. ಬಾಬಾಬುಡನ್ ಅವರು ಏಳು ಬೀಜ ತಂದ ಕಥೆಯಿಂದ ಹಿಡಿದು, ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರದವರೆಗೆ, ಕಾಫಿಯ ವಿಚಾರದಲ್ಲಿ ನಮಗೆ ಸ್ವಲ್ಪ ಜಂಬವೇ ಇದೆ. ಕಾಫಿಯ ರುಚಿ ನೋಡುವವರು ಕೆಲಸ ಮಾಡುವ ರೀತಿಯನ್ನು ಪರಿಚಿತರೊಬ್ಬರ ಕೃಪೆಯಿಂದ ಒಮ್ಮೆ ನೋಡಿದ್ದೇನೆ. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಪ್ರತಿಯೊಂದರ ಮುಂದೆ ಒಂದು ಸಂಖ್ಯೆ. ಯಾವ ತೋಟದ್ದು, ಯಾರ ಮಗನದು ಎಂಬುದು ಎಲ್ಲಿಯೂ ಇಲ್ಲ. ಎಲ್ಲಕ್ಕೂ ಅಷ್ಟೇ ಪುಡಿ, ಅಷ್ಟೇ ನೀರು. ಆತ ಚಮಚೆಯಲ್ಲಿ ತೆಗೆದು ಸೊರ್ರೆಂದು ಸದ್ದು ಮಾಡಿ ಹೀರುತ್ತಾನೆ, ಬಾಯೊಳಗೆ ಆಡಿಸುತ್ತಾನೆ, ಉಗಿಯುತ್ತಾನೆ; ಒಂದು ಅಂಕೆ ಬರೆದು ಮುಂದಿನ ಬಟ್ಟಲಿಗೆ ಹೋಗುತ್ತಾನೆ. ನಮ್ಮ ಮನೆಗಳಲ್ಲಿ ಯಾರಾದರೂ ಕೊಟ್ಟ ಕಾಫಿಯನ್ನು ಹೀಗೆ ಉಗಿದರೆ ಮತ್ತೆ ಆ ಹೊಸ್ತಿಲು ತುಳಿಯುವಂತಿಲ್ಲ. ಆದರೆ ನುಂಗುತ್ತ ಹೋದರೆ ಹತ್ತನೆಯ ಬಟ್ಟಲಿನ ಹೊತ್ತಿಗೆ ನಾಲಿಗೆ ಕೆಡುತ್ತದೆಯಂತೆ.

ಹಾಗಾದರೆ ಬೈಕನ್ನೂ ಹೆಸರು ಮುಚ್ಚಿ ಪರೀಕ್ಷಿಸಬಾರದೆ? ಆಗದು. ಕಣ್ಣು ಕಟ್ಟಿಕೊಂಡು ಕಾಫಿ ಕುಡಿಯಬಹುದು, ಚಾರ್ಮಾಡಿ ಘಾಟಿ ಇಳಿಯಲಾಗದು. ಮಿಕ್ಕಿರುವ ದಾರಿ ಅತಿಥಿಯಾಗದೆ ಇರುವುದು. ಅದನ್ನು ಮಾಡಿ ತೋರಿಸಿದವರು ಇದ್ದಾರೆ. ಅಮೆರಿಕದಲ್ಲಿ ೧೯೩೬ರಲ್ಲಿ ಆರಂಭವಾದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಸಂಸ್ಥೆಯವರು ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಪರೀಕ್ಷಿಸಬೇಕಾದ ವಸ್ತುವನ್ನು ಅಂಗಡಿಗೆ ಹೋಗಿ ಸಾಮಾನ್ಯ ಗಿರಾಕಿಯಂತೆ ಪೂರ್ತಿ ಬೆಲೆ ಕೊಟ್ಟು ತರುತ್ತಾರೆ. ಆ ಬೆಲೆಯನ್ನು ಕೊಡುವವರು ಯಾರು? ಓದುಗರು. ಇಲ್ಲಿ ನಮ್ಮ ನಿಮ್ಮ ಪಾಲೂ ಇದೆ ಎಂದು ಹೇಳಬೇಕಾಗಿದೆ. ಪತ್ರಿಕೆ ಅಗ್ಗವಾಗಿರಬೇಕು, ಕಾಗದ ನುಣುಪಾಗಿರಬೇಕು, ಅಭಿಪ್ರಾಯ ಮಾತ್ರ ಅಂಜಿಕೆಯಿಲ್ಲದ್ದಾಗಿರಬೇಕು ಎಂದರೆ ಮಧ್ಯದ ಖರ್ಚನ್ನು ಬೇರೆ ಯಾರೋ ಕೊಡುತ್ತಾರೆ. ಕೊಟ್ಟವರು ಎದುರು ಪುಟದಲ್ಲಿಯೇ ಬಣ್ಣದಲ್ಲಿ ಅಚ್ಚಾಗಿರುತ್ತಾರೆ.

ಈ ಸಂಕಟ ಇಂದಿನದೂ ಅಲ್ಲ, ನಮ್ಮೊಬ್ಬರದೂ ಅಲ್ಲ. ಇಂಗ್ಲೆಂಡಿನಲ್ಲಿ ‘ದಿ ಮೋಟಾರ್ ಸೈಕಲ್’ ಎಂಬ ವಾರಪತ್ರಿಕೆ ೧೯೦೩ರಲ್ಲಿಯೇ ಹೊರಟಿತು. ಅಲ್ಲಿಯ ಹಳೆಯ ವಿಮರ್ಶಕರ ಸೌಜನ್ಯ ಹೆಸರುವಾಸಿಯಾದುದು. ಎಂಜಿನ್ನಿನಿಂದ ಎಣ್ಣೆ ಸೋರುವುದನ್ನು ಕೂಡ ಹೂವಿನ ಮೇಲಿನ ಹಿಮಬಿಂದುವಿನಂತೆ ವರ್ಣಿಸಬಲ್ಲವರು ಅವರು. ಆಮೇಲೆ ೧೯೬೯ರಲ್ಲಿ ಜಪಾನಿನ ಹೋಂಡಾದವರು ಎಣ್ಣೆ ಸೋರದ, ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ನಾಲ್ಕು ಸಿಲಿಂಡರಿನ ಬೈಕನ್ನು ತಂದರು. ೧೯೭೩ರ ಹೊತ್ತಿಗೆ ಬಿ.ಎಸ್.ಎ. ಎಂಬ ದೊಡ್ಡ ಮನೆತನ ತನ್ನ ಕಾಲ ಮೇಲೆ ನಿಲ್ಲಲಾರದೆ ಇನ್ನೊಂದರಲ್ಲಿ ಸೇರಿಹೋಯಿತು. ವಿಮರ್ಶಕರು ಗಟ್ಟಿಯಾಗಿ ಕೂಗಿದ್ದರೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಕಾರಣಗಳು ಬೇರೆಯೂ ಇದ್ದವು. ಆದರೆ ಆ ದಾಕ್ಷಿಣ್ಯ ಉಣಬಡಿಸಿದವನ ಉಪಕಾರಕ್ಕೂ ಒದಗಲಿಲ್ಲ.

ನಮ್ಮ ಸರ್ಕಾರವೂ ಈಚೆಗೆ ಈ ಕಡೆ ಕಣ್ಣು ಹಾಯಿಸಿದೆ. ಮೊಬೈಲಿನಲ್ಲಿ ವಸ್ತುಗಳನ್ನು ಹೊಗಳಿ ಪ್ರಸಿದ್ಧರಾದವರು ತಾವು ಪಡೆದ ಹಣ, ಪುಕ್ಕಟೆ ವಸ್ತು, ಪ್ರವಾಸ, ವಸತಿಗಳನ್ನು ನೋಡುವವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೩ರ ಜನವರಿಯಲ್ಲಿ ಸೂಚನೆ ಹೊರಡಿಸಿತು. ಒಳ್ಳೆಯದೇ. ಆದರೆ ‘ನಾನು ಇವರ ಮನೆಯಲ್ಲಿ ಉಂಡಿದ್ದೇನೆ’ ಎಂದು ಹೇಳಿ ಹೊಗಳಿದರೆ ಕೇಳುವವರು ಎಚ್ಚರಗೊಳ್ಳುತ್ತಾರೋ, ‘ಪಾಪ, ಪ್ರಾಮಾಣಿಕ’ ಎಂದು ಇನ್ನಷ್ಟು ನಂಬುತ್ತಾರೋ ನನಗೆ ಅನುಮಾನ. ನನ್ನ ಮುನ್ನುಡಿಯಲ್ಲಿಯೂ ‘ಕವಿ ನನ್ನ ಆತ್ಮೀಯ ಮಿತ್ರರು’ ಎಂದು ಮೊದಲ ಸಾಲಿನಲ್ಲಿಯೇ ಇತ್ತು.

ಪತ್ರಿಕೆಗಳ ಬೈಕ್ ವಿಮರ್ಶೆ ಇಲ್ಲದ ಕಾಲದಲ್ಲಿ ನಮ್ಮ ಮಲೆನಾಡಿಗರು ಹೇಗೆ ಕೊಳ್ಳುತ್ತಿದ್ದರು? ನನ್ನ ದೊಡ್ಡಪ್ಪನವರ ಬಳಿ ಒಂದು ಯೆಜ್ದಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ಜಾವಾ ಎಂಬ ಹೆಸರಿನಿಂದ, ೧೯೭೩ರಿಂದ ಯೆಜ್ದಿ ಎಂಬ ಹೆಸರಿನಿಂದ ಬರುತ್ತಿದ್ದ ಗಾಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕರ್ ಹೊಡೆದು ಚಾಲೂ ಮಾಡಿದ ಮೇಲೆ ಅದೇ ಸನ್ನೆಯನ್ನು ಮುಂದಕ್ಕೆ ಬಾಗಿಸಿದರೆ ಗೇರು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಗುಡ್ಡದ ಆಚೆಯಿಂದ ಬರುವಾಗಲೇ ಇಂಥವರ ಗಾಡಿ ಎಂದು ಗುರುತು ಸಿಗುತ್ತಿದ್ದ ಆ ಸದ್ದು ಮಾತ್ರ ನಮ್ಮ ತಲೆಮಾರಿನವರ ಕಿವಿಯಿಂದ ಹೋಗಿಲ್ಲ. ದೊಡ್ಡಪ್ಪ ಅದನ್ನು ಕೊಂಡದ್ದು ಮೂಡಿಗೆರೆಯ ಮೆಕ್ಯಾನಿಕ್ ಒಬ್ಬರು ಹೇಳಿದರೆಂದು. ಆ ಮೆಕ್ಯಾನಿಕ್ ಹೇಳಿದ್ದೇಕೆ? ಅವರಿಗೆ ರಿಪೇರಿ ಬರುತ್ತಿದ್ದದ್ದು ಅದೊಂದೇ. ಇದೂ ಪಕ್ಷಪಾತವೇ, ಆದರೆ ಕೊಂಡವನಿಗೆ ಅನುಕೂಲವಾದ ಪಕ್ಷಪಾತ: ಗಾಡಿ ಕೆಟ್ಟರೆ ಅದೇ ಮನುಷ್ಯನ ಮುಂದೆ ತಂದು ನಿಲ್ಲಿಸಿ ‘ನೀನೇ ಹೇಳಿದ್ದಲ್ಲವೇನಯ್ಯಾ’ ಎನ್ನಬಹುದು. ಮುಳ್ಳಯ್ಯನಗಿರಿಯಲ್ಲಿ ಎರಡು ದಿನ ಓಡಿಸಿ ಹೋದವನು ಜುಲೈ ತಿಂಗಳಿನಲ್ಲಿ ಹಿರೇಬೈಲಿನ ಏರಿನಲ್ಲಿ ಸಿಗುವುದಿಲ್ಲ.

ನಂಬಬೇಕೇ ಬೇಡವೇ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ, ನಾನು ಈಗ ಓದುವ ರೀತಿಯನ್ನಷ್ಟೇ ಹೇಳಬಲ್ಲೆ. ಕೋಷ್ಟಕವನ್ನು ಮೊದಲು ಓದುತ್ತೇನೆ, ಅಳತೆಪಟ್ಟಿಗೆ ದಾಕ್ಷಿಣ್ಯವಿಲ್ಲ. ಒಂದೇ ದಿನ ಒಂದೇ ರಸ್ತೆಯಲ್ಲಿ ಮೂರು ಬೈಕುಗಳನ್ನು ಓಡಿಸಿ ಹೋಲಿಸಿ ಬರೆದದ್ದಿದ್ದರೆ, ಅದರಲ್ಲಿ ಕೊಂಚ ಹೆಚ್ಚು ಸತ್ಯ ಸಿಗುತ್ತದೆ. ಮೂವರ ಮನೆಯಲ್ಲಿಯೂ ಉಂಡವನು ಯಾರ ಕಡೆಗೆಂದು ವಾಲಿಯಾನು? ಹೊಗಳಿಕೆಯ ಪುಟದ ನಡುವೆ ಒಂದೇ ಒಂದು ಆಕ್ಷೇಪಣೆ ಕಂಡರೆ ಅಲ್ಲಿ ನಿಲ್ಲುತ್ತೇನೆ. ಅಷ್ಟು ದಾಕ್ಷಿಣ್ಯವನ್ನು ದಾಟಿ ಹೊರಗೆ ಬಂದ ಮಾತು ಅದು. ಬರೆದಿರುವುದಕ್ಕಿಂತ ನಾಲ್ಕು ಪಾಲು ದೊಡ್ಡದಿರಬೇಕು.

ಇನ್ನು ಕೊಂಡವರನ್ನೇ ಕೇಳಿದರಾಗದೆ ಎನ್ನುತ್ತೀರಿ. ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ತಿಂಗಳು ಕಳಸಕ್ಕೆ ಹೋಗಿದ್ದೆ. ಅಳಿಯನ ಎಲುಬು ಕೂಡಿದೆ, ಭುಜ ಮಾತ್ರ ಮೊದಲಿನಷ್ಟು ಮೇಲಕ್ಕೆ ಏಳುವುದಿಲ್ಲ. ಅಡಿಕೆ ಗೊನೆಗೆ ದೋಟಿ ಎತ್ತುವಾಗ ಬಲಗೈಯೇ ಗತಿ. ಬೈಕನ್ನು ಮಾರಿಲ್ಲ. ಸಾಲ ಇನ್ನೂ ಇದೆ. ಆಸನದ ಸ್ಪಂಜು ಕೊಯ್ಯಿಸಿ ಎರಡಂಗುಲ ತಗ್ಗಿಸಿಕೊಂಡಿದ್ದಾನೆ. ನಾವು ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಹುಡುಗ ಬಂದ. ಅವನೂ ಕೊಳ್ಳಬೇಕಂತೆ, ಯಾವುದು ಒಳ್ಳೆಯದೆಂದು ಕೇಳಿದ. ನನ್ನ ಅಳಿಯ ಅಂಗಳದಲ್ಲಿ ನಿಂತಿದ್ದ ತನ್ನ ಬೈಕಿನ ಕಡೆ ನೋಡಿದ.

“ಇದನ್ನೇ ತಗೊ ಮಾರಾಯ. ಬಹಳ ಒಳ್ಳೇ ಗಾಡಿ. ಒಂದು ದಿನ ತೊಂದರೆ ಕೊಟ್ಟದ್ದಿಲ್ಲ” ಎಂದ.

ಆ ಹುಡುಗ ಇವನಿಗಿಂತ ಗಿಡ್ಡ. “ಹೌದಾ ಸಾರ್?” ಎಂದು ನನ್ನ ಮುಖ ನೋಡಿದ. ಅಳಿಯನೂ ನೋಡಿದ. ಒಳಗಿನಿಂದ ಅಕ್ಕ ಕಾಫಿ ತಂದು ಮುಂದಿಟ್ಟಳು. ನಾನು ಲೋಟ ಕೈಗೆ ತೆಗೆದುಕೊಂಡು, ಕಾಫಿ ಚೆನ್ನಾಗಿದೆ ಎಂದೆ.